ಅಲಾಸ್ಕಾ ಕ್ರೂಸ್‌ಗೆ ಒಬ್ಬಳೇ ಹೋಗ್ತಿದ್ದೀನಿ, ಬಾಲ್ಕನಿ ಕ್ಯಾಬಿನ್ ಯಾವುದು ತಗೊಳ್ಳಲಿ?

ಪ್ರಶ್ನೆ:
ನಮಸ್ಕಾರ ಸರ್. ನನಗೆ 61 ವರ್ಷ, ಬ್ಯಾಂಕಿನಿಂದ ನಿವೃತ್ತಿಯಾಗಿದೆ, ಊರು ದಾವಣಗೆರೆ. ಮಗ ಸಿಯಾಟಲ್ ಹತ್ತಿರ ಇದ್ದಾನೆ, ಮೇ ತಿಂಗಳಲ್ಲಿ ಅವನ ಮನೆಗೆ ಹೋಗುತ್ತಿದ್ದೇನೆ. ಅಲ್ಲಿಂದ ಅಲಾಸ್ಕಾಗೆ ಏಳು ರಾತ್ರಿಯ ಕ್ರೂಸ್ ಹೋಗಬೇಕು ಅಂತ ನನ್ನ ಮತ್ತು ನಮ್ಮ ಯಜಮಾನರ ಆಸೆ ಇತ್ತು. ಅವರು ಈಗಿಲ್ಲ. ಮಗ ಸೊಸೆಗೆ ರಜೆ ಸಿಗುವುದಿಲ್ಲ, ನಾನೊಬ್ಬಳೇ ಹೋಗಿ ಬರುತ್ತೇನೆ ಅಂತ ತೀರ್ಮಾನ ಮಾಡಿದ್ದೇನೆ. ಬಾಲ್ಕನಿ ಬೇಕೇ ಬೇಕು. ಆದರೆ ಒಬ್ಬರಿಗೇ ಅಂತ ಇರುವ ಬಾಲ್ಕನಿ ಕ್ಯಾಬಿನ್ ತಗೊಳ್ಳಬೇಕಾ, ಇಬ್ಬರ ಕ್ಯಾಬಿನ್ನನ್ನೇ ಒಬ್ಬಳು ತಗೊಳ್ಳಬೇಕಾ ಗೊತ್ತಾಗುತ್ತಿಲ್ಲ. ಒಂದೊಂದು ಕಡೆ ಒಂದೊಂದು ಬೆಲೆ ತೋರಿಸುತ್ತಾರೆ. ಮಂಡಿ ನೋವಿದೆ, ನಿದ್ದೆ ಸೂಕ್ಷ್ಮ. ಒಬ್ಬಳೇ ಇರುವುದರಿಂದ ಸುರಕ್ಷತೆ ಬಗ್ಗೆಯೂ ಮಗನಿಗೆ ಭಯ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ:
ನಮಸ್ಕಾರ ಮೇಡಂ. ಹೊರಟಿದ್ದೀರಲ್ಲ, ಬಹಳ ಸಂತೋಷ. ನಾನು ಉಡುಪಿ ಕಡೆಯವನು, 13 ವರ್ಷ ಕ್ರೂಸ್ ಹಡಗುಗಳಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡಿದ್ದೇನೆ, ಈಗ ಊರಲ್ಲೇ ಕ್ರೂಸ್ ಬುಕಿಂಗ್ ಮಾಡಿಕೊಡುತ್ತೇನೆ. ಸಾವಿರಾರು ಕ್ಯಾಬಿನ್ ಒಳಗೆ ಹೋಗಿ ಬಂದವನಾಗಿ ಹೇಳುತ್ತೇನೆ, ಕ್ಯಾಬಿನ್ ಒಳಗೆ ಏನಿದೆ ಅನ್ನುವುದಕ್ಕಿಂತ ಅದರ ಮೇಲೆ, ಕೆಳಗೆ, ಪಕ್ಕದಲ್ಲಿ ಏನಿದೆ ಅನ್ನುವುದೇ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದುಡ್ಡಿನ ವಿಷಯ. ಜಾಲತಾಣದಲ್ಲಿ ಕಾಣುವ ಬೆಲೆ ಒಂದು ಕ್ಯಾಬಿನ್ನಿನಲ್ಲಿ ಇಬ್ಬರಿದ್ದಾಗ ತಲೆಗೆ ಎಷ್ಟು ಅಂತ. ನೀವೊಬ್ಬರೇ ಇದ್ದರೆ ಸಾಮಾನ್ಯವಾಗಿ ಆ ಇನ್ನೊಬ್ಬರ ಟಿಕೆಟ್ಟೂ ನಿಮ್ಮ ಮೇಲೇ ಬೀಳುತ್ತದೆ. ಇದನ್ನೇ ಸಿಂಗಲ್ ಸಪ್ಲಿಮೆಂಟ್ ಅನ್ನುತ್ತಾರೆ. ತಲೆಗೆ 1,200 ಡಾಲರ್ ಅಂತ ತೋರಿಸಿದರೆ ನಿಮಗೆ 2,400 ಅಂತ ಲೆಕ್ಕ ಹಾಕಿಕೊಳ್ಳಿ. ಆದರೆ ಬಂದರು ತೆರಿಗೆ ಒಬ್ಬರದ್ದೇ, ಟಿಪ್ಸ್ ಕೂಡ ಒಬ್ಬರದ್ದೇ. ಟಿಪ್ಸ್ ಅಂದರೆ ದಿನಕ್ಕೆ 16ರಿಂದ 20 ಡಾಲರ್ ತಾನಾಗಿ ಬಿಲ್ಲಿಗೆ ಸೇರುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಹುಡುಕುವಾಗ ಪ್ರಯಾಣಿಕರು ಅನ್ನುವ ಜಾಗದಲ್ಲಿ 2 ಇದ್ದದ್ದನ್ನು 1 ಮಾಡಿ ಕೊನೆಯ ಪುಟದವರೆಗೂ ಹೋಗಿ ನೋಡಿ. ಆಗ ಕಾಣುವುದೇ ನಿಮ್ಮ ನಿಜವಾದ ಬೆಲೆ.

ಇನ್ನು ಒಬ್ಬರಿಗೇ ಅಂತ ಕಟ್ಟಿದ ಕ್ಯಾಬಿನ್‌ಗಳು. 2010ರಲ್ಲಿ ನಾರ್ವೇಜಿಯನ್ ಎಪಿಕ್ ಅನ್ನುವ ಹಡಗು ಇಂಥ 128 ಕ್ಯಾಬಿನ್ ಇಟ್ಟುಕೊಂಡು ಬಂತು. ಸುಮಾರು 100 ಚದರ ಅಡಿ, ಕಿಟಕಿ ಸಮುದ್ರಕ್ಕಲ್ಲ, ಹಡಗಿನ ಒಳಗಿನ ಕಾರಿಡಾರಿಗೆ. ಬಾಲ್ಕನಿ ಇರುವ ಒಂಟಿ ಕ್ಯಾಬಿನ್ ಬೇಕು ಅಂದರೆ ರಾಯಲ್ ಕೆರಿಬಿಯನ್ ಕಂಪನಿಯ ಕ್ವಾಂಟಮ್ ವರ್ಗದ ಹಡಗುಗಳಲ್ಲಿ ಕೆಲವು ಇವೆ. ಕ್ಯಾಬಿನ್ ಸುಮಾರು 120 ಚದರ ಅಡಿ, ಬಾಲ್ಕನಿ 55 ಚದರ ಅಡಿ. ನಮ್ಮ ಮನೆಗಳಲ್ಲಿ ಹತ್ತು ಹನ್ನೆರಡರ ರೂಮು ಇರುತ್ತದಲ್ಲ, ಅಷ್ಟರಲ್ಲೇ ಮಂಚ, ಬೀರು, ಬಚ್ಚಲು ಎಲ್ಲಾ ಸೇರಿಕೊಂಡಿರುತ್ತದೆ. ಅದೇ ಹಡಗಿನ ಇಬ್ಬರ ಬಾಲ್ಕನಿ ಕ್ಯಾಬಿನ್ ಸುಮಾರು 200 ಚದರ ಅಡಿ.

ಮೂರನೆಯದು ಸೆಲೆಬ್ರಿಟಿ ಎಡ್ಜ್, 2018ರ ಹಡಗು. 2024ರಿಂದ ಸಿಯಾಟಲ್‌ನಿಂದ ಅಲಾಸ್ಕಾಗೆ ಹೋಗಿದೆ. ಅದರಲ್ಲಿ ಒಬ್ಬರಿಗೇ ಅಂತ 16 ಕ್ಯಾಬಿನ್ ಇವೆ. ಬಾಲ್ಕನಿಗೆ ಇನ್ಫಿನಿಟ್ ವರಾಂಡಾ ಅಂತ ಹೆಸರು. ಇದು ಹೊರಗೆ ಚಾಚಿಕೊಂಡ ಬಾಲ್ಕನಿ ಅಲ್ಲ. ರೂಮಿನ ಕೊನೆಯಲ್ಲಿ ನೆಲದಿಂದ ಚಾವಣಿವರೆಗೆ ಗಾಜು, ಗುಂಡಿ ಒತ್ತಿದರೆ ಅದರ ಮೇಲಿನ ಅರ್ಧ ಕೆಳಗೆ ಇಳಿಯುತ್ತದೆ. ಗಾಳಿ ಜೋರಾದರೆ ಹಡಗಿನವರು ಎಲ್ಲರದ್ದನ್ನೂ ಒಟ್ಟಿಗೆ ಮುಚ್ಚಿ ಲಾಕ್ ಮಾಡುತ್ತಾರೆ. ಚಳಿಯಲ್ಲಿ ಒಳಗೇ ಕುಳಿತು ನೋಡುವವರಿಗೆ ಬಹಳ ಚೆನ್ನ. ಆದರೆ ಹೊರಗೆ ಹೋಗಿ ಕಂಬಿ ಹಿಡಿದು ನಿಲ್ಲಬೇಕು ಅನ್ನುವ ಆಸೆ ಇದ್ದವರಿಗೆ ಇದು ಕಿಟಕಿ ಅನ್ನಿಸುತ್ತದೆ, ಬಾಲ್ಕನಿ ಅನ್ನಿಸುವುದಿಲ್ಲ.

ಒಬ್ಬರಿಗೆ ಅಂತ ಹಣೆಪಟ್ಟಿ ಇದ್ದ ಮಾತ್ರಕ್ಕೆ ಅಗ್ಗ ಅಂದುಕೊಳ್ಳಬೇಡಿ. ಇರುವುದೇ ಕೆಲವು, ಬೇಗ ಖಾಲಿಯಾಗುತ್ತವೆ, ಅದಕ್ಕೇ ಬೆಲೆ ಏರುತ್ತದೆ. ಎಷ್ಟೋ ಸಲ ಇಬ್ಬರ ಕ್ಯಾಬಿನ್ನನ್ನು ಒಬ್ಬರೇ ತಗೊಂಡರೂ ಹೆಚ್ಚುಕಮ್ಮಿ ಅದೇ ಬೆಲೆಗೆ ಬಂದದ್ದನ್ನು ನೋಡಿದ್ದೇನೆ. ವ್ಯತ್ಯಾಸ 200 ಡಾಲರ್ ಒಳಗಿದ್ದರೆ ಇಬ್ಬರದ್ದನ್ನೇ ತಗೊಳ್ಳಿ ಮೇಡಂ, ಕಣ್ಣು ಮುಚ್ಚಿಕೊಂಡು. ಜಾಗ ಜಾಸ್ತಿ, ಮತ್ತು ಮುಖ್ಯವಾಗಿ, ಹಡಗಿನ ಯಾವ ಭಾಗದಲ್ಲಿ ಬೇಕು ಅಂತ ಆರಿಸಿಕೊಳ್ಳಬಹುದು.

ಇನ್ನೊಬ್ಬರ ಪ್ರಶ್ನೆ:
ನಡುವೆ ಕೇಳುತ್ತಿದ್ದೇನೆ ಸರ್, ಕ್ಷಮಿಸಿ. ಬಾಲ್ಕನಿಗೆ ಅಷ್ಟು ದುಡ್ಡು ಯಾಕೆ? ಮೇಲಿನ ಡೆಕ್ಕಿಗೆ ಹೋಗಿ ಪುಕ್ಕಟೆ ನೋಡಬಹುದು ಅಲ್ವಾ? ನಾನು ಸಿಂಗಾಪುರದಿಂದ ನಾಲ್ಕು ದಿನದ್ದು ಹೋಗಿದ್ದೆ, ಬಾಲ್ಕನಿಯಲ್ಲಿ ಹತ್ತು ನಿಮಿಷವೂ ಕೂರಲಿಲ್ಲ.

ಉತ್ತರ:
ಸಿಂಗಾಪುರಕ್ಕೆ ನಿಮ್ಮ ಮಾತು ಪೂರ್ತಿ ಸರಿ. ಅಲ್ಲಿ ಹೊರಗೆ ಸೆಕೆ, ಬೆವರು, ಸುತ್ತ ಬರೀ ನೀರು. ಬಾಲ್ಕನಿ ಬಾಗಿಲು ತೆರೆದಿಟ್ಟರೆ ಬಹಳಷ್ಟು ಹಡಗುಗಳಲ್ಲಿ ಏಸಿ ತಾನಾಗಿ ನಿಂತು ಹೋಗುತ್ತದೆ. ಅಲ್ಲಿಗೆ ಒಬ್ಬರೇ ಹೋಗುವವರಿಗೆ ನಾನೇ ಒಳಗಿನ ಕ್ಯಾಬಿನ್ ಕೊಡಿಸುತ್ತೇನೆ.

ಅಲಾಸ್ಕಾ ಹಾಗಲ್ಲ. ಅಲ್ಲಿ ಹಡಗು ಎರಡೂ ಬದಿ ಬೆಟ್ಟ ಇರುವ ಕಾಲುವೆಯಂಥ ಜಾಗದಲ್ಲಿ ಗಂಟೆಗಟ್ಟಲೆ ಹೋಗುತ್ತದೆ. ಜೂನೋ ಊರಲ್ಲಿ ಜೂನ್ ತಿಂಗಳು ಸೂರ್ಯ ಮುಳುಗುವಾಗ ರಾತ್ರಿ ಹತ್ತು, ಹುಟ್ಟುವಾಗ ಬೆಳಗಿನ ನಾಲ್ಕು. ನಿದ್ದೆ ಬಾರದೆ ಎದ್ದರೂ ಹೊರಗೆ ನೋಡಲು ಏನೋ ಇದ್ದೇ ಇರುತ್ತದೆ. ಎಂಡಿಕಾಟ್ ಆರ್ಮ್ ಅನ್ನುವ ಕಿರಿದಾದ ಕಡಲ ತೋಳಿನ ತುದಿಯಲ್ಲಿ ಡಾಸ್ ಹಿಮನದಿ ಇದೆ. ಅಲ್ಲಿಗೆ ಹೋದಾಗ ಒಮ್ಮೆ ಒಬ್ಬ ಅಜ್ಜಿಯ ಕ್ಯಾಬಿನ್ನಿಗೆ ಕಂಬಳಿ ಕೊಡಲು ಹೋಗಿದ್ದೆ. ಅವರೂ ಒಬ್ಬರೇ ಬಂದವರು. ಬಾಲ್ಕನಿಯಿಂದಲೇ ಕೈಸನ್ನೆ ಮಾಡಿ ಕರೆದರು, ಸುಮ್ನೆ ಕೇಳು ಅಂದರು. ಕೆಳಗೆ ನೀರಲ್ಲಿ ತೇಲುತ್ತಿದ್ದ ಐಸ್ ತುಂಡುಗಳಿಂದ ಚಟಪಟ ಚಟಪಟ ಸದ್ದು, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಹಳೇ ಹಿಮದೊಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಕರಗುವಾಗ ಒಡೆಯುವ ಸದ್ದು ಅದು. ಮೇಲಿನ ಡೆಕ್ಕಿನಲ್ಲಿ ನೂರಾರು ಜನ, ಮೈಕು, ಫೋಟೋ ಗದ್ದಲ, ಅಲ್ಲಿ ಇದು ಕೇಳುವುದೇ ಇಲ್ಲ. ಅದಕ್ಕೇ ಅಲಾಸ್ಕಾಗೆ ಒಬ್ಬರೇ ಹೋಗುವವರಿಗೆ ಬಾಲ್ಕನಿ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಪ್ರಶ್ನೆ:
ಓದಿ ಕಣ್ಣು ತುಂಬಿ ಬಂತು ಸರ್. ಹಾಗಾದರೆ ಹಡಗಿನ ಯಾವ ಭಾಗದಲ್ಲಿ ತಗೊಳ್ಳಲಿ? ಬಲಬದಿಯೇ ತಗೋ ಅಂತ ಮಗನ ಸ್ನೇಹಿತರು ಹೇಳಿದ್ದಾರೆ. ಮಳೆ ಬಂದರೆ ಬಾಲ್ಕನಿ ದಂಡ ಆಗುತ್ತದಾ?

ಉತ್ತರ:
ಬಲಬದಿ ಅನ್ನುವ ಮಾತು ಕೆನಡಾದ ವ್ಯಾಂಕೂವರ್‌ನಲ್ಲಿ ಹತ್ತಿ ಮೇಲೆ ಅಲಾಸ್ಕಾದ ಸೀವರ್ಡ್ ಅಥವಾ ವಿಟಿಯರ್‌ನಲ್ಲಿ ಇಳಿಯುವವರಿಗೆ. ಅವರು ಉತ್ತರಕ್ಕೆ ಮಾತ್ರ ಹೋಗುತ್ತಾರೆ, ನೆಲ ಬಲಕ್ಕಿರುತ್ತದೆ. ನೀವು ಸಿಯಾಟಲ್‌ನಲ್ಲಿ ಹತ್ತಿ ಸಿಯಾಟಲ್‌ಗೇ ಬರುತ್ತೀರಿ, ಹೋಗುವಾಗ ಬಲಕ್ಕಿದ್ದದ್ದು ಬರುವಾಗ ಎಡಕ್ಕೆ. ಹಿಮನದಿ ಮುಂದೆ ಹಡಗನ್ನು ನಿಧಾನಕ್ಕೆ ಪೂರ್ತಿ ತಿರುಗಿಸಿ ಎರಡೂ ಬದಿಯವರಿಗೆ ತೋರಿಸುತ್ತಾರೆ. ಹಾಗಾಗಿ ಬದಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಮುಂದೆ, ನಡು, ಹಿಂದೆ ಅನ್ನುವುದರ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಿ. ಚಾರ್ಮಾಡಿ ಘಾಟಿಯಲ್ಲಿ ಕೆಂಪು ಬಸ್ಸಿನ ಕೊನೆ ಸೀಟಲ್ಲಿ ಕುಳಿತಿದ್ದೀರಾ? ಎತ್ತಿ ಎತ್ತಿ ಹಾಕುತ್ತದೆ, ನಡುವಿನ ಸೀಟಿನವರು ಆರಾಮಾಗಿ ತೂಕಡಿಸುತ್ತಿರುತ್ತಾರೆ. ಹಡಗೂ ಹಾಗೇ. ತುದಿಗಳು ಏರಿಳಿಯುತ್ತವೆ, ನಡು ಕಡಿಮೆ ಅಲ್ಲಾಡುತ್ತದೆ. ಸಿಯಾಟಲ್ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಗಿನಿಂದ, ತೆರೆದ ಪೆಸಿಫಿಕ್ ಸಮುದ್ರದಲ್ಲಿ ಹೋಗುತ್ತವೆ. ಮೊದಲ ರಾತ್ರಿ ಮತ್ತು ಮಾರನೇ ದಿನ ತೂಗಾಟ ಇರಬಹುದು. ನಡುಭಾಗ, ತೀರಾ ಮೇಲಿನ ಡೆಕ್ ಬೇಡ. ಮುಂದಿನ ತುದಿಯಲ್ಲಿ ಇನ್ನೊಂದು ತೊಂದರೆ, ಬೆಳಗ್ಗೆ ಬಂದರಿಗೆ ಕಟ್ಟುವಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್ ಶುರುವಾದರೆ ಕೆಳಗಿನ ಕ್ಯಾಬಿನ್‌ಗಳಲ್ಲಿ ಮಂಚವೇ ನಡುಗುತ್ತದೆ.

ಈಗ ಮೊದಲೇ ಹೇಳಿದ ವಿಷಯ. ಡೆಕ್ ಪ್ಲ್ಯಾನ್, ಅಂದರೆ ಹಡಗಿನ ಮಹಡಿಗಳ ನಕ್ಷೆ ತೆಗೆದು ನಿಮ್ಮ ಕ್ಯಾಬಿನ್ ನಂಬರಿನ ನೇರ ಮೇಲೆ, ನೇರ ಕೆಳಗೆ ಏನಿದೆ ನೋಡಿ. ಎರಡೂ ಕಡೆ ಕ್ಯಾಬಿನ್‌ಗಳೇ ಇರಬೇಕು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗ್ಗೆ ಐದಕ್ಕೇ ಕುರ್ಚಿ ಎಳೆಯುವ ಸದ್ದು. ಮೇಲೆ ಬಫೆ ಅಡುಗೆಮನೆ ಇದ್ದರೆ ಟ್ರಾಲಿ ಉರುಳುವ ಸದ್ದು. ಕೆಳಗೆ ನಾಟಕಶಾಲೆ ಅಥವಾ ಬಾರ್ ಇದ್ದರೆ ಮಧ್ಯರಾತ್ರಿವರೆಗೆ ಡ್ರಮ್ಮು. ನಿಮ್ಮಂಥ ಸೂಕ್ಷ್ಮ ನಿದ್ದೆಯವರು ಎರಡನೇ ದಿನ ಬಂದು ರೂಮು ಬದಲಿಸಿ ಅಂತ ಬೇಡಿಕೊಂಡದ್ದು ಎಷ್ಟೋ ಸಲ, ಹಡಗು ತುಂಬಿದ್ದರೆ ನಾವಾದರೂ ಏನು ಮಾಡಲು ಆಗುತ್ತಿತ್ತು. ಪಕ್ಕದ ರೂಮಿಗೆ ನಡುಬಾಗಿಲು ಇರುವ ಕ್ಯಾಬಿನ್ನೂ ಬೇಡ. ಅವರ ಟಿವಿ, ಕೆಮ್ಮು, ಫೋನು ಎಲ್ಲಾ ಕೇಳುತ್ತದೆ. ಪ್ಲ್ಯಾನಿನಲ್ಲಿ ಎರಡು ಕ್ಯಾಬಿನ್ ನಡುವೆ ಸಣ್ಣ ಬಾಣದ ಗುರುತು ಇರುತ್ತದೆ, ನೋಡಿಕೊಳ್ಳಿ. ಗ್ಯಾರಂಟಿ ಅನ್ನುವ ಅಗ್ಗದ ದರವೂ ನಿಮಗಲ್ಲ, ಅದರಲ್ಲಿ ಕ್ಯಾಬಿನ್ ಆರಿಸುವುದು ಅವರು, ನೀವಲ್ಲ. ಕೆಲವು ಬಾಲ್ಕನಿಗಳ ಮುಂದೆ ಲೈಫ್‌ಬೋಟ್ ತೂಗುತ್ತಿರುತ್ತದೆ, ಅಬ್‌ಸ್ಟ್ರಕ್ಟೆಡ್ ಅಂತ ಬರೆದಿದ್ದರೆ ಬಿಟ್ಟುಬಿಡಿ.

ಮಳೆ ಬಂದೇ ಬರುತ್ತದೆ. ಕೆಚಿಕನ್ ಊರಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ನಮ್ಮ ಆಗುಂಬೆಯ ಸುಮಾರು ಅರ್ಧ. ಆದರೆ ಮೇ ತಿಂಗಳು ಅಲ್ಲಿ ಮಳೆ ಕಡಿಮೆ ಇರುವ ಕಾಲ, ಸೆಪ್ಟೆಂಬರ್ ಅಕ್ಟೋಬರ್‌ಗೆ ಹೋಲಿಸಿದರೆ ಬಹಳ ಮೇಲು. ಮೇಲಿನ ಬಾಲ್ಕನಿಯೇ ನಿಮ್ಮದಕ್ಕೆ ಚಾವಣಿ, ಗಾಳಿ ಇಲ್ಲದಿದ್ದರೆ ನೆನೆಯುವುದಿಲ್ಲ. ಸ್ವೆಟರ್, ಉಲ್ಲನ್ ಟೋಪಿ, ಕಾಲಿಗೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ, ಕಂಬಳಿ ನಿಮ್ಮ ಕ್ಯಾಬಿನ್ ನೋಡಿಕೊಳ್ಳುವ ಸ್ಟುವರ್ಡ್ ಹತ್ತಿರ ಕೇಳಿ.

ಪ್ರಶ್ನೆ:
ಸುರಕ್ಷತೆ ಬಗ್ಗೆ ಮಗನಿಗೆ ಏನು ಹೇಳಲಿ? ಮಂಡಿ ನೋವಿಗೆ ಏನು ನೋಡಬೇಕು?

ಉತ್ತರ:
ಮಗನಿಗೆ ಇದನ್ನು ಓದಲು ಹೇಳಿ. ಅಮೆರಿಕದ ಬಂದರುಗಳಿಂದ ಹೊರಡುವ ಕ್ರೂಸ್ ಹಡಗುಗಳಿಗೆ 2010ರ ಕಾನೂನು ಇದೆ. ಕಂಬಿ 42 ಇಂಚಿಗಿಂತ ಕಡಿಮೆ ಇರುವಂತಿಲ್ಲ, ಅಂದರೆ ಮೂರೂವರೆ ಅಡಿ. ಪ್ರತಿ ಕ್ಯಾಬಿನ್ ಬಾಗಿಲಿಗೂ ಇಣುಕುಗಾಜು ಅಥವಾ ಹೊರಗೆ ಯಾರಿದ್ದಾರೆ ಅಂತ ನೋಡುವ ಬೇರೆ ವ್ಯವಸ್ಥೆ ಇರಲೇಬೇಕು. ಬಾಗಿಲು ತಾನಾಗಿ ಲಾಕ್ ಆಗುತ್ತದೆ, ರಾತ್ರಿ ಒಳಗಿನ ಚಿಲಕವನ್ನೂ ಹಾಕಿಕೊಳ್ಳಿ. ಎರಡು ಬಾಲ್ಕನಿಗಳ ನಡುವೆ ಇರುವ ತಡಿಕೆಯನ್ನು ಕುಟುಂಬಗಳಿಗೆ ಬೇಕಾದರೆ ನಾವು ಕೀಲಿ ಹಾಕಿ ತೆರೆದುಕೊಡುತ್ತೇವೆ, ಹತ್ತಿದ ದಿನವೇ ನಿಮ್ಮ ಎರಡೂ ಬದಿಯದು ಲಾಕ್ ಇದೆಯಾ ಅಂತ ಸ್ಟುವರ್ಡ್ ಕೈಲಿ ತಳ್ಳಿಸಿ ನೋಡಿ. ಅವರಿಗೆ ನಿಮ್ಮ ಹೆಸರು ಹೇಳಿ, ಒಬ್ಬರೇ ಬಂದಿದ್ದೀರಿ ಅಂತಲೂ ಹೇಳಿ. ದಿನಾ ಕ್ಯಾಬಿನ್ ಹತ್ತಿರ ಬರುವವರು ಅವರೇ. ಅವರಲ್ಲಿ ನಮ್ಮ ಮಂಗಳೂರು, ಉಡುಪಿ ಕಡೆಯ ಹುಡುಗರೂ ಇರುತ್ತಾರೆ. ಕನ್ನಡದಲ್ಲಿ ಮಾತಾಡಿದರೆ ಅವರ ಮುಖ ನೋಡಬೇಕು ನೀವು.

ಒಂದು ಎಚ್ಚರಿಕೆ ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಾಲ್ಕನಿ ಬಾಗಿಲು ತೆರೆದಿರುವಾಗ ಕಾರಿಡಾರ್ ಬಾಗಿಲು ತೆರೆಯಬೇಡಿ. ಗಾಳಿ ಒಮ್ಮೆಲೇ ಎಳೆದುಕೊಂಡು ಆ ಭಾರದ ಬಾಗಿಲು ಧಡ್ ಅಂತ ಬಡಿಯುತ್ತದೆ. ಬೆರಳು ಸಿಕ್ಕಿ ಆಸ್ಪತ್ರೆಗೆ ಹೋದವರನ್ನು ನಾನು ಕಂಡಿದ್ದೇನೆ, ಅವರೂ ಒಬ್ಬರೇ ಬಂದವರು, ಉಳಿದ ಪ್ರವಾಸ ಪೂರ್ತಿ ಬಟನ್ ಹಾಕಲೂ ಯಾರನ್ನಾದರೂ ಕರೆಯಬೇಕಾಯಿತು.

ಮಂಡಿಗೆ ಎರಡು ವಿಷಯ. ಬಚ್ಚಲಿಗೂ ಬಾಲ್ಕನಿಗೂ ಎತ್ತರದ ಹೊಸ್ತಿಲು ಇರುತ್ತದೆ, ರಾತ್ರಿ ಬಚ್ಚಲ ದೀಪ ಹಚ್ಚಿಟ್ಟು ಬಾಗಿಲು ಸ್ವಲ್ಪ ತೆರೆದು ಮಲಗಿ. ಲಿಫ್ಟಿಗೆ ಹತ್ತಿರ ಇರಲಿ, ಆದರೆ ಎದುರಿಗೇ ಬೇಡ. ಐದಾರು ಬಾಗಿಲು ದೂರ ಇದ್ದರೆ ನಡೆಯಲೂ ಆಗುತ್ತದೆ, ಗದ್ದಲವೂ ಇಲ್ಲ.

ಪ್ರಶ್ನೆ:
ಮಗ ಕೂತು ಎಲ್ಲಾ ಓದಿದ ಸರ್. ಒಂದೇ ಹಡಗಿನಲ್ಲಿ ಎರಡು ಉಳಿದಿವೆ. ಒಂದು, ಒಬ್ಬರ ಬಾಲ್ಕನಿ ಕ್ಯಾಬಿನ್, ಮುಂದಿನ ತುದಿಗೆ. ಇನ್ನೊಂದು, ಇಬ್ಬರದ್ದು, 8ನೇ ಡೆಕ್, ನಡುಭಾಗ, ಮೇಲೂ ಕೆಳಗೂ ಕ್ಯಾಬಿನ್, ನಡುಬಾಗಿಲು ಇಲ್ಲ, ಲಿಫ್ಟಿನಿಂದ ಏಳನೇ ಬಾಗಿಲು. ಎರಡನೆಯದಕ್ಕೆ 170 ಡಾಲರ್ ಜಾಸ್ತಿ.

ಉತ್ತರ:
ಎರಡನೆಯದು. ಇವತ್ತೇ ಹಿಡಿದಿಡಲು ಹೇಳಿ, ನಾಳೆಗೆ ಬಿಡಬೇಡಿ. ಒಬ್ಬರೇ ಅಂತ ಬರೆಸುವಾಗ ಊಟಕ್ಕೆ ಇತರರ ಜೊತೆ ಕೂರುವ ಟೇಬಲ್ ಬೇಕು ಮತ್ತು ಭಾರತೀಯ ಸಸ್ಯಾಹಾರ ಬೇಕು ಅಂತ ಈಗಲೇ ಸೇರಿಸಿ. ಒಂಟಿಯಾಗಿ ಬಂದವರು ಸೇರುವ ಕಾರ್ಯಕ್ರಮ ಮೊದಲ ಸಂಜೆಯೇ ಇರಬಹುದು, ಆ ದಿನದ ಪಟ್ಟಿ ನೋಡಿ, ಇದ್ದರೆ ತಪ್ಪದೆ ಹೋಗಿ.

ಇನ್ನೊಂದು, ಇದನ್ನು ಮರೆತು ಬಂದರಿನಿಂದಲೇ ವಾಪಸ್ ಹೋದವರಿದ್ದಾರೆ. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಬರುವ ಹಡಗು ಕಾನೂನಿನ ಪ್ರಕಾರ ಒಂದು ಹೊರದೇಶದ ಬಂದರಿನಲ್ಲಿ ನಿಲ್ಲಲೇಬೇಕು, ಸಾಮಾನ್ಯವಾಗಿ ಅದು ಕೆನಡಾದ ವಿಕ್ಟೋರಿಯಾ. ಭಾರತದ ಪಾಸ್‌ಪೋರ್ಟ್‌ಗೆ ಕೆನಡಾ ವೀಸಾ ಬೇಕು, ನೀವು ಅಲ್ಲಿ ಇಳಿಯದಿದ್ದರೂ ಹತ್ತುವಾಗಲೇ ಕೇಳುತ್ತಾರೆ. ದಾವಣಗೆರೆಯಲ್ಲಿ ಇರುವಾಗಲೇ ಅರ್ಜಿ ಹಾಕಿ, ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾದೀತು. ವೀಸಾ ಕೈಗೆ ಬಂದ ದಿನ ಇಲ್ಲೇ ಬರೆಯಿರಿ ಮೇಡಂ, ಹಡಗಿನ ಹೆಸರು ನೋಡಿ ನಮ್ಮ ಹುಡುಗರು ಯಾರಾದರೂ ಆ ಡೆಕ್ಕಿನಲ್ಲಿ ಇದ್ದಾರಾ ಅಂತ ವಿಚಾರಿಸುತ್ತೇನೆ.