ಹಿರೋಡೆ ಮನೆ ಗುಂಪಿನಲ್ಲಿ ಪರಂಗಿ ಜಗಳ

ದೊಡ್ಡಪ್ಪ: (ಫಾರ್ವರ್ಡ್ ಸಂದೇಶ) ಫ್ರೆಂಚರು ಜರ್ಮನಿಯನ್ನು ಅಲ್ಮಾಞ್ ಅಂತಾರೆ, ಇಂಗ್ಲೆಂಡನ್ನು ಆಂಗ್ಲತೇರ್ ಅಂತಾರೆ. ಒಂದು ದೇಶದ ಹೆಸರನ್ನೂ ನೆಟ್ಟಗೆ ಹೇಳಲ್ಲ. ಇದು ಅವರ ಸೊಕ್ಕು. ಇಂಗ್ಲಿಷ್ ಫ್ರೆಂಚಿನ ಮಗಳು, ಅದಕ್ಕೇ ಅದಕ್ಕೂ ಅದೇ ಗುಣ. ಎಲ್ಲರಿಗೂ ಕಳಿಸಿ.

ಲಿಯಾನ್ ಅಕ್ಕ (ಫ್ರಾನ್ಸಿನ ಲಿಯಾನ್ ಊರಿಂದ): ದೊಡ್ಡಪ್ಪ, ಇದರಲ್ಲಿರೋ ಸೊಕ್ಕು, ಮಗಳು ಅನ್ನೋ ಎರಡು ಮಾತೂ ತಪ್ಪು. ರೈನ್ ನದಿಯ ಮೇಲ್ದಂಡೆ ಕಡೆ ಅಲಮಾನ್ನಿ ಅನ್ನೋ ಜನ ಇದ್ದರು. ಈ ಕಡೆಯವರಿಗೆ ದಿನಾ ಎದುರಾಗ್ತಿದ್ದವರು ಅವರು. ಆ ಹೆಸರೇ ಇಡೀ ದೇಶಕ್ಕೆ ಅಂಟಿಕೊಳ್ತು. ಫಿನ್ಲೆಂಡಿನವರಿಗೆ ಪರಿಚಯ ಆದದ್ದು ಸ್ಯಾಕ್ಸನ್ನರು, ಅವರು ಅದೇ ಜರ್ಮನಿಯನ್ನ ಸಾಕ್ಸಾ ಅಂತಾರೆ. ಇದರಲ್ಲಿ ಸೊಕ್ಕು ಎಲ್ಲಿಂದ ಬಂತು?

ದೊಡ್ಡಪ್ಪ: ಜರ್ಮನಿಯವರು ತಮ್ಮ ದೇಶವನ್ನ ಡಾಯ್ಚ್‌ಲಾಂಡ್ ಅಂತ ಕರ್ಕೊಳ್ತಾರಲ್ಲ, ಹಾಗೇ ಕರೆಯೋಕೆ ಏನು ಕಷ್ಟ?

ಮೈಸೂರು ಮಾವ: ನಾವೂ ಕರೆಯಲ್ವಲ್ಲ ಭಾವ. ಹಿಂದೆ ಕನ್ನಡದಲ್ಲಿ ತಮಿಳರನ್ನ ತಿಗುಳರು ಅಂತಿದ್ದರು.

ಪುಟ್ಟಿ: ನನಗೆ ಪಿಯುಸೀಲಿ ಫ್ರೆಂಚ್ ಇದೆ, ಹೆಸರಿಗಿಂತ ಲಿಂಗಾನೇ ಕಷ್ಟ. ಭಾರತ ಸ್ತ್ರೀಲಿಂಗ, ಜಪಾನ್ ಪುಲ್ಲಿಂಗ. ಕೊನೇಲಿ 'ಇ' ಅಕ್ಷರ ಇದ್ರೆ ಸಾಮಾನ್ಯವಾಗಿ ಸ್ತ್ರೀಲಿಂಗ ಅಂತ ಕಲ್ತುಕೊಂಡು ಹೋದೆ, ಮೆಕ್ಸಿಕೋಗೆ ಫ್ರೆಂಚಲ್ಲಿ (Mexique) ಕೊನೇಲಿ 'ಇ' ಇದ್ರೂ ಪುಲ್ಲಿಂಗವಂತೆ. ಮಾರ್ಕ್ಸ್ ಹೋಯ್ತು.

ದೊಡ್ಡಪ್ಪ: ನೀವೆಲ್ಲ ಪುಸ್ತಕದ ಮಾತಾಡ್ತೀರಿ. ನಮ್ಮೂರಿಗೆ ಏನು ಹೆಸರಿತ್ತು ನೆನಪಿದ್ಯಾ? ಮನೇಲಿ ಹಿರೋಡೆ, ಕಾಗದದ ಮೇಲೆ ಫ್ರೆಂಚ್ ರಾಕ್ಸ್. ಯಾರೋ ಬಂದು ಗುಡ್ಡದ ಕೆಳಗೆ ಬಿಡಾರ ಹಾಕಿದ್ದಕ್ಕೆ ನಮ್ಮೂರು ಅವರ ಹೆಸರಿನದ್ದಾಯ್ತು. ನಮ್ಮಪ್ಪ ವಿಳಾಸ ಬರೆಯೋವಾಗೆಲ್ಲ ಒಂದು ಗಳಿಗೆ ಸುಮ್ಮನೆ ಕೂರೋರು. ಪಾಂಡವಪುರ ಅಂತ ಆದಮೇಲೇ ಅವರಿಗೆ ಸಮಾಧಾನ ಆಗಿದ್ದು.

ಲಿಯಾನ್ ಅಕ್ಕ: ತಾತನ ವಿಷಯ ನನಗೆ ಗೊತ್ತಿರಲಿಲ್ಲ.

ಲಿಯಾನ್ ಅಕ್ಕ: ಅಲ್ಲಿ ಬಿಡಾರ ಹಾಕಿದ್ದವರು ಹೈದರ್, ಟಿಪ್ಪು ಹತ್ತಿರ ಕೆಲಸಕ್ಕಿದ್ದ ಫ್ರೆಂಚ್ ಸಿಪಾಯಿಗಳು. ಫ್ರೆಂಚ್ ರಾಕ್ಸ್ ಅನ್ನೋದು ಇಂಗ್ಲಿಷ್ ಹೆಸರು. ಊರಿನವರನ್ನ ಕೇಳದೆ ಊರಿನ ಮೇಲೆ ಹೇರಿದ್ದು ತಪ್ಪೇ, ಅದನ್ನ ನಾನು ವಾದಿಸಲ್ಲ. ಆದ್ರೆ ನೆರೆಯವನು ತನ್ನ ಮನೇಲಿ ತನ್ನ ಭಾಷೇಲಿ ನನ್ನನ್ನ ಏನಂತ ಕರೀತಾನೆ ಅನ್ನೋದು ಬೇರೆ. ಫಾರ್ವರ್ಡ್ ಎರಡನ್ನೂ ಒಂದೇ ಮಾಡಿದೆ.

ಚಿಕ್ಕಪ್ಪ: ಮಗಳು ಅನ್ನೋ ಮಾತು ಸರಿ ತಾನೇ? ಕೋರ್ಟು, ಜಡ್ಜು, ಜ್ಯೂರಿ, ಪಾರ್ಲಿಮೆಂಟು, ಟ್ಯಾಕ್ಸು, ಪ್ರಿಸನ್, ಎಲ್ಲಾ ಫ್ರೆಂಚಿಂದ ಬಂದಿದ್ದಲ್ವಾ? ನಾನು ವಕೀಲ, ದಿನಾ ಬಳಸೋ ಪದಗಳು.

ಲಿಯಾನ್ ಅಕ್ಕ: ಪದಗಳು ಬಂದಿವೆ ಚಿಕ್ಕಪ್ಪ, ಭಾಷೆ ಅಲ್ಲಿಂದ ಹುಟ್ಟಿಲ್ಲ. ಇಂಗ್ಲಿಷ್ ಹುಟ್ಟಿದ್ದು ಜರ್ಮನ್, ಡಚ್ ಮನೆತನದಲ್ಲಿ. ಮದರ್, ವಾಟರ್, ಹ್ಯಾಂಡ್, ಹೌಸ್ ಎಲ್ಲಾ ಆ ಕಡೆಯವು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ. ಅರಮನೆ, ನ್ಯಾಯಸ್ಥಾನ, ಕಂದಾಯ ಎಲ್ಲಾ ಫ್ರೆಂಚ್ ಆಡೋರ ಕೈಗೆ ಹೋಯ್ತು. ಹೊಲದಲ್ಲಿ ಕಾಯೋನಿಗೆ ಕುರಿ ಶೀಪ್ ಆಗೇ ಉಳೀತು, ದೊರೆಯ ತಟ್ಟೆಗೆ ಬಂದಾಗ ಮಟನ್ ಆಯ್ತು. ನಮ್ಮ ಸಂತೆಬೀದಿ ಅಂಗಡಿ ಬೋರ್ಡಲ್ಲಿ ಮಟನ್ ಅಂತ ಇದ್ಯಲ್ಲ, ಅದು ಫ್ರೆಂಚರ 'ಮುತೋಂ'. 1362ರಲ್ಲಿ ಕೋರ್ಟಲ್ಲಿ ವಾದ ಇಂಗ್ಲಿಷಲ್ಲೇ ನಡೀಬೇಕು ಅಂತ ಕಾನೂನು ತಂದರು. ಆ ಕಾನೂನು ಬರೆದಿದ್ದು ಫ್ರೆಂಚಲ್ಲಿ!

ಮೈಸೂರು ಮಾವ: ನಮ್ಮ ಕಥೇನೂ ಅದೇ. ವಕೀಲ, ಅರ್ಜಿ, ಜಾಮೀನು, ತಹಶೀಲ್ದಾರ, ಬಗರ್ ಹುಕುಂ, ಇವೆಲ್ಲ ಪಾರ್ಸಿ, ಅರಬ್ಬಿ ಕಡೆಯಿಂದ ಬಂದವು. ಮನೆ, ನೀರು, ಕೈ, ತಾಯಿ ನಮ್ಮವೇ ಉಳಿದಿವೆ. ಅಷ್ಟಕ್ಕೆ ಕನ್ನಡ ಪಾರ್ಸಿ ಮಗಳು ಅನ್ನೋಕಾಗುತ್ತಾ?

ಚಿಕ್ಕಪ್ಪ: ನನ್ನ ವೃತ್ತಿ ಹೆಸರೇ ಹೊರಗಿಂದು. ಒಪ್ಪಿದೆ.

ಲಿಯಾನ್ ಅಕ್ಕ: ಇನ್ನೊಂದು ಕೇಳಿ. ಫ್ರಾನ್ಸ್ ಅನ್ನೋ ಹೆಸರೇ ಜರ್ಮನ್ ಕಡೆಯದು. ಫ್ರಾಂಕ್ ಅನ್ನೋ ಜರ್ಮಾನಿಕ್ ಬುಡಕಟ್ಟು ಬಂದು ಈ ನಾಡನ್ನ ಆಳಿತು. ಆಳಿದವರ ಭಾಷೆ ಹೋಯ್ತು, ಲ್ಯಾಟಿನ್ನಿನ ಕೂಸು ಫ್ರೆಂಚ್ ಉಳೀತು, ಹೆಸರು ಮಾತ್ರ ಅವರದ್ದೇ ನಿಂತಿತು. ಅದೇ ಫ್ರಾಂಕ್ ಪಾರ್ಸೀಲಿ ಫರಂಗಿ ಆಗಿ ನಮ್ಮಲ್ಲಿ ಪರಂಗಿ ಆಯ್ತು.

ಪುಟ್ಟಿ: ಪರಂಗಿ ಹಣ್ಣು???

ಲಿಯಾನ್ ಅಕ್ಕ: ಹೂಂ. ಅಮೆರಿಕದ ಹಣ್ಣು, ಪೋರ್ಚುಗೀಸರು ತಂದರು, ನಾವು ಫ್ರಾಂಕರ ಹೆಸರಿಟ್ವಿ. ಹಿತ್ತಲಲ್ಲಿ ಅಜ್ಜಿ ನೆಟ್ಟ ಮರಕ್ಕೂ ಫ್ರಾನ್ಸಿಗೂ ಒಂದೇ ಹೆಸರು. ಫ್ರೆಂಚರೂ ಅದನ್ನೇ ಮಾಡಿದಾರೆ. ಟರ್ಕಿ ಕೋಳಿ ಬಂದಿದ್ದು ಅಮೆರಿಕದಿಂದ, ಇವರು ಅದನ್ನ 'ಇಂಡಿಯಾ ಕೋಳಿ' ಅಂದರು. ಅದೇ ಸವೆದು 'ದ್ಯಾಂದ್' ಆಗಿದೆ.

ಅಜ್ಜಿ (ಧ್ವನಿ ಸಂದೇಶ, ಪುಟ್ಟಿ ಬರೆದಿದ್ದು): ಹೊರಗಿಂದ ಬಂದಿದ್ದಕ್ಕೆಲ್ಲ ನಾವು ಸೀಮೆ ಅಂತೀವಲ್ಲ. ಸೀಮೆಎಣ್ಣೆ, ಸೀಮೆಬದನೆ, ಸೀಮೆಸುಣ್ಣ. ಅದೂ ಹಿಂಗೇನಾ?

ಲಿಯಾನ್ ಅಕ್ಕ: ಹಿಂಗೇ ಅಜ್ಜಿ! ಇಂಗ್ಲಿಷಿನ ವಾಲ್‌ನಟ್ ಅಂದ್ರೆ ಮೂಲದಲ್ಲಿ 'ಹೊರಗಿನವರ ಕಾಯಿ', ಅಂದ್ರೆ ಸೀಮೆಕಾಯಿ. ಇಂಗ್ಲೆಂಡಿನ ಪಕ್ಕದ ನಾಡು ವೇಲ್ಸ್ ಅನ್ನೋ ಹೆಸರೂ ಅದೇ ಬೇರಿನದ್ದು. ಆ ನೆಲದ ಮೂಲದವರನ್ನೇ ಆಮೇಲೆ ಬಂದ ಇಂಗ್ಲಿಷರು ಹೊರಗಿನವರು ಅಂದರು. ವೇಲ್ಸಿನವರು ಮಾತ್ರ ತಮ್ಮ ನಾಡನ್ನ ಕಮ್ರಿ ಅಂತಾರೆ.

ದೊಡ್ಡಪ್ಪ: ನೋಡು, ನೀನೇ ನನ್ನ ಮಾತಿಗೆ ಬಂದೆ. ತನ್ನ ನೆಲದಲ್ಲೇ ಪರಕೀಯ ಅನ್ನಿಸ್ಕೊಳ್ಳೋದು ಅವಮಾನ ಅಲ್ಲದೆ ಇನ್ನೇನು?

ಲಿಯಾನ್ ಅಕ್ಕ: ಅದು ಅವಮಾನವೇ ದೊಡ್ಡಪ್ಪ. ಅಲ್ಲಿ ನೀವು ಹೇಳೋದು ಸರಿ. ಅಲ್ಮಾಞ್ ಆ ಥರದ್ದಲ್ಲ ಅನ್ನೋದಷ್ಟೇ ನನ್ನ ವಾದ.

ದೊಡ್ಡಪ್ಪ: ಐವರಿ ಕೋಸ್ಟಿನವರು ಏನು ಮಾಡಿದರು? 1985ರಲ್ಲಿ, ನಮ್ಮ ಹೆಸರನ್ನ ಯಾವ ಭಾಷೆಗೂ ಅನುವಾದ ಮಾಡಬೇಡಿ, ಕೋತ್ ದಿವ್ವಾರ್ ಅಂತಲೇ ಬರೀರಿ ಅಂದರು. ಟರ್ಕಿ 2022ರಲ್ಲಿ ವಿಶ್ವಸಂಸ್ಥೆಗೆ ಬರೆದು ತುರ್ಕಿಯೆ ಆಯ್ತು. ಕೇಳಿದವರಿಗೆ ಕೊಡಬೇಕು.

ಚಿಕ್ಕಪ್ಪ: ಆದ್ರೆ ಅಣ್ಣ, ಕೋತ್ ದಿವ್ವಾರ್ ಅನ್ನೋದು ಆಳಿದವರ ಫ್ರೆಂಚಲ್ಲೇ ಇದೆಯಲ್ಲ.

ದೊಡ್ಡಪ್ಪ: ಇರಲಿ. ಇಟ್ಟವರು ಯಾರೇ ಆಗಲಿ, ಉಳಿಸ್ಕೊಂಡವರು ಅವರು. ಬೇಡ ಅನ್ನಿಸಿದ್ರೆ ಬಿಡೋ ಹಕ್ಕೂ ಅವರದ್ದೇ. ನಮ್ಮಪ್ಪನಿಗೆ ಆ ಹಕ್ಕು ತಡವಾಗಿ ಸಿಕ್ತು.

ಲಿಯಾನ್ ಅಕ್ಕ: ಇದನ್ನ ನಾನು ಪೂರ್ತಿ ಒಪ್ತೀನಿ.

ದೊಡ್ಡಪ್ಪ: ಮಗಳು ಅನ್ನೋ ಸಾಲು ತೆಗೀತೀನಿ. ಸೊಕ್ಕು ಅನ್ನೋದನ್ನೂ ತೆಗೀತೀನಿ. ಆ ಬುಡಕಟ್ಟಿನ ಹೆಸರು ಇನ್ನೊಂದ್ಸಲ ಸರಿಯಾಗಿ ಬರೆದು ಕಳಿಸು, ಅಲಮಾನ್ನಿನೋ ಅಲೆಮಾನಿನೋ. ಇದನ್ನ ನನಗೆ ಕಳಿಸಿದವರಿಗೆ ತಿದ್ದಿ ವಾಪಸ್ ಕಳಿಸ್ಬೇಕು.

ಲಿಯಾನ್ ಅಕ್ಕ: ಅಲಮಾನ್ನಿ. ನಕಾರಕ್ಕೆ ಒತ್ತು.