ಎಡಿಎಚ್‌ಡಿ ಮತ್ತು ಸೇನಾ ಭರ್ತಿ: ಮನೋವೈದ್ಯರಲ್ಲಿ ಕೇಳಿ

ಕಾರ್ಕಳದ ಸದಸ್ಯೆ: ಮಗನಿಗೆ ಶಾಲೆಯಲ್ಲಿರುವಾಗಲೇ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆ) ಅಂದಿದ್ರು. ಅಗ್ನಿವೀರ್ ಆಗ್ಲಿಕ್ಕೆ ಆಗ್ತದಾ ಡಾಕ್ಟ್ರೇ?

ವೈದ್ಯರು: ತೀರ್ಮಾನ ಸೇನೆಯ ವೈದ್ಯರದ್ದು, ನನ್ನ ಚೀಟಿ ಅಲ್ಲಿ ನಡೆಯುವುದಿಲ್ಲ. ಈಗಲೂ ಮಾತ್ರೆ ಬೇಕಿದ್ದರೆ ಕಷ್ಟ. ಬಿಟ್ಟು ವರ್ಷಗಳಾಗಿದ್ದರೆ ಹಳೆಯ ಫೈಲ್ ಇಟ್ಟುಕೊಳ್ಳಿ, ಕೇಳಿದಾಗ ನಿಜ ಹೇಳಲಿ.

ಸುರತ್ಕಲ್ ಸದಸ್ಯ: ತಮ್ಮನಿಗೆ ಇದಕ್ಕೇ ಕ್ಲೋನಿಡಿನ್ 100 ಮೈಕ್ರೋಗ್ರಾಂ, ದಿನಕ್ಕೆ ಎರಡು. ಮೆಡಿಕಲ್‌ಗೆ ವಾರ ಉಂಟು ಅಂತ ನಿನ್ನೆಯಿಂದ ಪೂರ್ತಿ ನಿಲ್ಲಿಸಿದ್ದಾನೆ. ತಲೆನೋವು, ಕೈ ನಡುಕ.

ವೈದ್ಯರು: ಈಗಲೇ ಬಿಪಿ ನೋಡಿಸಿ, ನಾಳೆಗೆ ಇಡಬೇಡಿ. ಕ್ಲೋನಿಡಿನ್ ಮೂಲತಃ ಬಿಪಿ ಮಾತ್ರೆ. ದೇಹದ ಅಡ್ರಿನಲಿನ್ ವ್ಯವಸ್ಥೆಯನ್ನು ಅದು ಒತ್ತಿ ಹಿಡಿದಿರುತ್ತದೆ. ಒಮ್ಮೆಲೇ ಬಿಟ್ಟರೆ ಒಂದೆರಡು ದಿನದಲ್ಲೇ ಬಿಪಿ ಮೊದಲಿಗಿಂತ ಮೇಲೆ ಜಿಗಿಯಬಹುದು. ಇಳಿಸುವ ಕ್ರಮವೇ ಬೇರೆ: 3ರಿಂದ 7 ದಿನಕ್ಕೊಮ್ಮೆ, ಸಲಕ್ಕೆ 100 ಮೈಕ್ರೋಗ್ರಾಂ ಮೀರದಂತೆ, ಬರೆದುಕೊಟ್ಟವರ ಕಣ್ಣಳತೆಯಲ್ಲೇ. ರೋಗ ಮುಚ್ಚಿಡಲು ಹೋಗಿ ಬಿಪಿಯಲ್ಲೇ ಅನ್‌ಫಿಟ್ ಆಗುತ್ತಾನೆ. ಬಿಪಿ ನೋಡುವವರೆಗೆ ಓಟ, ಕಾಫಿ, ಎನರ್ಜಿ ಡ್ರಿಂಕ್ ಬೇಡ.

ಕುಂದಾಪುರ ಸದಸ್ಯ: ನಡುಕಕ್ಕೆ ಪ್ರೊಪ್ರನೊಲಾಲ್ (ಎದೆಬಡಿತ ಇಳಿಸುವ ಮಾತ್ರೆ) ಅರ್ಧ ಸಾಕು, ಎಸ್‌ಎಸ್‌ಬಿಗೆ (ಸೇನಾ ಅಧಿಕಾರಿಗಳ ಆಯ್ಕೆ ಸಂದರ್ಶನ) ಹೋಗುವವರ ಗ್ರೂಪಿನಲ್ಲಿ ಬಂದದ್ದು.

ವೈದ್ಯರು: ಕೊಡಬೇಡಿ! ಈ ಸ್ಥಿತಿಯಲ್ಲಿ ಅದೊಂದನ್ನೇ ಕೊಟ್ಟರೆ ಬಿಪಿ ಇನ್ನೂ ಏರಬಹುದು. ಆಸ್ತಮಾ ಇದ್ದವರಿಗೆ ಉಸಿರೇ ಕಟ್ಟೀತು. ಫಾರ್ವರ್ಡ್ ಮಾಡುವ ಮೊದಲು ಒಂದು ನಿಮಿಷ ಯೋಚಿಸಿ.

ಕಾಪು ಸದಸ್ಯೆ: ಎಡಿಎಚ್‌ಡಿಗೆ ತಿಮರೆ (ಒಂದೆಲಗ) ಚಟ್ನಿ, ಜೇನಿನಲ್ಲಿ ಬಜೆ ತೇದು 48 ದಿನ. ಸೈಡ್ ಎಫೆಕ್ಟ್ ಇಲ್ಲ.

ವೈದ್ಯರು: ತಿಮರೆ ಊಟಕ್ಕೆ ಒಳ್ಳೆಯದು. ಬಜೆಯಲ್ಲಿ ಬೀಟಾ-ಆಸರೋನ್ ಇದೆ, ಇಲಿಗಳಲ್ಲಿ ಗೆಡ್ಡೆ ತಂದದ್ದು. ಅಮೆರಿಕ ಅದನ್ನು ಆಹಾರದಲ್ಲಿ 1968ರಲ್ಲೇ ನಿಷೇಧಿಸಿದೆ.

ಕಾಪು ಸದಸ್ಯೆ: ನಮ್ಮ ಅಜ್ಜಿಯಂದಿರೆಲ್ಲ ದಡ್ಡರಾ ಹಾಗಾದ್ರೆ?

ಮೂಲ್ಕಿ ಸದಸ್ಯ: ಹೇಳದಿದ್ರೆ ಯಾರಿಗೆ ಗೊತ್ತಾಗ್ತದೆ ಮಾರಾಯ್ರೆ? ಅಮೆರಿಕದಲ್ಲಿ ಇದಕ್ಕೆ ವೇವರ್ (ವಿನಾಯಿತಿ) ಕೊಡ್ತಾರೆ.

ಬಂಟ್ವಾಳ ಸದಸ್ಯ: ನೀವು ಸೇರುವುದು ಅಮೆರಿಕದ ಸೇನೆಗಾ? 1950ರ ಸೇನಾ ಕಾಯ್ದೆ, ಸೆಕ್ಷನ್ 44 ಓದಿ. ಭರ್ತಿ ಫಾರಂನಲ್ಲಿ ಬೇಕೆಂದೇ ಸುಳ್ಳು ಬರೆದರೆ 5 ವರ್ಷದವರೆಗೆ ಜೈಲು.

ಮೂಲ್ಕಿ ಸದಸ್ಯ: ಹಾಗೆ ಎಷ್ಟು ಜನ ಹೋಗಿದ್ದಾರೆ, ಹೇಳಿ ನೋಡುವ.

ಬಂಟ್ವಾಳ ಸದಸ್ಯ: ನಿಮ್ಮ ಮಗನನ್ನೇ ಕಳಿಸಿ ನೋಡಿ.

ಬ್ರಹ್ಮಾವರ ಸದಸ್ಯೆ: ಕನ್ನಡಕ ಇದ್ರೆ ನೇವಿಗೆ ಆಗ್ತದಾ?

ಪುತ್ತೂರು ಸದಸ್ಯ: ಎಡಿಎಚ್‌ಡಿ ಇದ್ರೆ ಸೇರಬಹುದಾ ಸರ್?

ವೈದ್ಯರು: ಮೇಲೆ ಓದಿ. ಸುರತ್ಕಲ್‌ನವರೇ, ಬಿಪಿ ಎಷ್ಟು?

ಸುರತ್ಕಲ್ ಸದಸ್ಯ: 172/108.

ವೈದ್ಯರು: ಸೀದಾ ಕ್ಯಾಶುವಾಲ್ಟಿಗೆ ಹೋಗಿ. ಖಾಲಿ ಸ್ಟ್ರಿಪ್ ಜೊತೆಗಿರಲಿ. ಕ್ಲೋನಿಡಿನ್ ಬಿಟ್ಟದ್ದು ಅಂತ ಮೊದಲೇ ಹೇಳಿ.