ಭಿತರಕನಿಕಾದ ಮ್ಯಾಂಗ್ರೋವ್ ಪಿಟ್ಟ: ಕೂಗಿನ ರೆಕಾರ್ಡಿಂಗ್ ಹಾಕಿ ಹಕ್ಕಿ ತೋರಿಸುವುದು ಸರಿಯೇ?

ಪ್ರಶ್ನೆ (ಕೆಸರುಹಾದಿ)

ಬರುವ ಏಪ್ರಿಲ್‌ನಲ್ಲಿ ನಾವು ಆರು ಮಂದಿ ಒಡಿಶಾದ ಭಿತರಕನಿಕಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಲಿದ್ದೇವೆ. ನವರಂಗದ ಹತ್ತಿರದ ಸಂಬಂಧಿಯಾದ, ಆದರೆ ಅದಕ್ಕಿಂತ ದಪ್ಪ ಕೊಕ್ಕಿನ ಮ್ಯಾಂಗ್ರೋವ್ ಪಿಟ್ಟವನ್ನು ನೋಡುವುದೇ ನಮ್ಮ ಮುಖ್ಯ ಉದ್ದೇಶ. ಅಲ್ಲಿನ ಮಾರ್ಗದರ್ಶಕರೊಬ್ಬರು ಫೋನಿನಲ್ಲಿ, “ಕೂಗಿನ ರೆಕಾರ್ಡಿಂಗ್ ಹಾಕಿದರೆ ಹಕ್ಕಿ ತಾನಾಗಿಯೇ ಮುಂದೆ ಬರುತ್ತದೆ, ಕಾಣದಿದ್ದರೆ ನನಗೆ ಹಣವೇ ಬೇಡ” ಎಂದರು. ಅವರ ಆತ್ಮವಿಶ್ವಾಸ ಮೆಚ್ಚುಗೆಯಾಯಿತಾದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ನಮ್ಮ ಭೇಟಿಯಿಂದ ಹಕ್ಕಿಗೆ ತೊಂದರೆಯಾಗದೆ ಊರಿನವರಿಗೂ ಪ್ರಯೋಜನವಾಗಬೇಕಾದರೆ ಹೇಗೆ ನಡೆದುಕೊಳ್ಳಬೇಕು?

ಉತ್ತರ (ಹಕ್ಕಿಜಾಡು)

ರೆಕಾರ್ಡಿಂಗ್ ಬೇಡವೇ ಬೇಡ. ಪಿಟ್ಟ ತನ್ನ ನೆಲೆಯನ್ನು ಬಿಟ್ಟುಕೊಡದ ಹಕ್ಕಿ. ವರ್ಷದ ಬಹುಪಾಲು ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಉಸಿರುಬೇರುಗಳ ನಡುವೆ ಕುಪ್ಪಳಿಸುತ್ತ, ಕೆಸರಿನಲ್ಲಿ ಸಣ್ಣ ಏಡಿ, ಹುಳುಹುಪ್ಪಟೆಗಳನ್ನು ಹುಡುಕುತ್ತ ಕಣ್ಣಿಗೆ ಬೀಳದೆ ಇರುವ ಇದು, ಮರಿ ಮಾಡುವ ಕಾಲ ಬಂದಾಗ ಮಾತ್ರ ಮರವೇರಿ ಗಟ್ಟಿಯಾಗಿ ಕೂಗುತ್ತದೆ. ಆಗ ನಾವು ಹಾಕುವ ರೆಕಾರ್ಡಿಂಗ್ ಅದರ ಕಿವಿಗೆ ನೆಲೆಯೊಳಗೆ ನುಗ್ಗಿದ ಎದುರಾಳಿಯ ಸವಾಲು. ಇಲ್ಲದ ಶತ್ರುವನ್ನು ಹುಡುಕಿಕೊಂಡು ಅದು ಬಯಲಿಗೆ ಬರುತ್ತದೆ. ಆಹಾರ ಹುಡುಕುವುದು, ಗೂಡು ಕಾಯುವುದು ಅಷ್ಟು ಹೊತ್ತು ನಿಂತುಹೋಗುತ್ತದೆ. ಒಂದು ದೋಣಿಯವರು ಒಮ್ಮೆ ಹಾಕಿದರೆ ಅಷ್ಟೇನೂ ಆಗದಿರಬಹುದು, ಆದರೆ ಎಲ್ಲ ದೋಣಿಗಳೂ ನಿಲ್ಲುವುದು ಸುಲಭವಾಗಿ ಸಿಗುವ ಅದೇ ಒಂದೆರಡು ಹಕ್ಕಿಗಳ ಮುಂದೆ.

ಸಂಖ್ಯೆಯನ್ನೂ ಗಮನಿಸಿ. 2024ರಲ್ಲಿ ಅರಣ್ಯ ಇಲಾಖೆ ಈ ಹಕ್ಕಿಗಾಗಿಯೇ ನಡೆಸಿದ ಮೊದಲ ಗಣತಿಯಲ್ಲಿ ಎಣಿಕೆಗೆ ಸಿಕ್ಕಿದ್ದು 179. ಮೊಸಳೆಗಳು ಗೂಡು ಕಟ್ಟುವ ಕಾಲವೆಂದು ಉದ್ಯಾನವನ್ನು ಮೇ ತಿಂಗಳಿನಿಂದ ಜುಲೈ ಕೊನೆಯವರೆಗೆ ಮುಚ್ಚುವುದರಿಂದ ಪಿಟ್ಟಕ್ಕೂ ತಾನಾಗಿಯೇ ಒಂದು ರಕ್ಷಣೆ ಸಿಗುತ್ತದೆ. ನೀವು ಹೋಗುತ್ತಿರುವುದು ಅದಕ್ಕೆ ಸ್ವಲ್ಪ ಮೊದಲು, ಹಕ್ಕಿ ಕೂಗಲು ತೊಡಗುವ ಹೊತ್ತಿಗೆ. ಎಂಜಿನ್ ಆರಿಸಿ ದೋಣಿಯಲ್ಲಿ ಸುಮ್ಮನೆ ಕುಳಿತರೆ ಅದರ ಸ್ವಂತ ಕೂಗೇ ದಾರಿ ತೋರಿಸುತ್ತದೆ. ದೋಣಿ ಬಿಟ್ಟು ಇಳಿಯುವ ಯೋಚನೆ ಬೇಡ. ಅಲ್ಲಿ ಉಪ್ಪುನೀರಿನ ಮೊಸಳೆಗಳೇ ಸಾವಿರಕ್ಕೂ ಹೆಚ್ಚಿವೆ!

ಉತ್ತರ (ಅಳಿವೆಬಾಗಿಲು)

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ದೋಷವನ್ನು ಮಾರ್ಗದರ್ಶಕರ ತಲೆಗೆ ಕಟ್ಟುವುದು ನ್ಯಾಯವಲ್ಲ. “ಕಾಣದಿದ್ದರೆ ಹಣ ಬೇಡ” ಎಂಬ ಮಾತಿನಲ್ಲೇ ರೋಗದ ಮೂಲವಿದೆ. ಹಕ್ಕಿ ಕಂಡರಷ್ಟೇ ಕೂಲಿ ಎಂದಾದಾಗ ಮನೆ ನಡೆಸಬೇಕಾದ ಮನುಷ್ಯ ರೆಕಾರ್ಡಿಂಗ್ ಹಾಕದೆ ಇನ್ನೇನು ಮಾಡಿಯಾನು? ಅವರ ಇಡೀ ದಿನದ ಕೂಲಿಯನ್ನು ಮೊದಲೇ ಗೊತ್ತುಮಾಡಿ, ಹಕ್ಕಿ ಕಂಡರೂ ಕಾಣದಿದ್ದರೂ ಅಷ್ಟನ್ನೇ ಕೊಡುತ್ತೇವೆಂದು ಹೊರಡುವ ಮುನ್ನವೇ ತಿಳಿಸಿ. ಒಳ್ಳೆಯ ಚಿತ್ರ ಸಿಕ್ಕಿತೆಂದು ಕೊನೆಯಲ್ಲಿ ಕೈಗೆ ತುರುಕುವ ಹೆಚ್ಚುವರಿ ನೋಟೂ ಮುಂದಿನ ಗುಂಪಿನ ಹೊತ್ತಿಗೆ ಅದೇ ಒತ್ತಡವಾಗಿ ಮರಳುತ್ತದೆ.

ವಾಸ್ತವ್ಯಕ್ಕೆ ಸ್ಥಳೀಯರೇ ಸೇರಿ ನಡೆಸುವ ಶಿಬಿರವನ್ನೋ ಊರಿನ ಮನೆಯನ್ನೋ ಆರಿಸಿಕೊಳ್ಳಿ. ಕಾಂಡ್ಲಾ ಕಾಡಿನ ಬೆಲೆಯನ್ನು ಆ ಊರಿನವರಿಗೆ ನಾವು ಕಲಿಸಬೇಕಾಗಿಲ್ಲ. 1999ರ ಚಂಡಮಾರುತದ ನಂತರ ಭಿತರಕನಿಕಾ ಸುತ್ತಲಿನ ಮೂರು ಹಳ್ಳಿಗಳನ್ನು ಹೋಲಿಸಿದ ಅಧ್ಯಯನದಲ್ಲಿ, ಕಾಡಿನ ಮರೆಯಲ್ಲಿದ್ದ ಹಳ್ಳಿಗೆ ಎಲ್ಲಕ್ಕಿಂತ ಕಡಿಮೆ ನಷ್ಟವಾಗಿದ್ದು ಕಂಡುಬಂತು. ಕಾಡಿಲ್ಲದೆ ಮಣ್ಣಿನ ಒಡ್ಡನ್ನೇ ನಂಬಿದ್ದ ಹಳ್ಳಿ ಎಲ್ಲಕ್ಕಿಂತ ಹೆಚ್ಚು ಕಳೆದುಕೊಂಡಿತ್ತು. ಆದರೂ ಸೌದೆ, ಮೀನು, ಜೇನಿಗೆ ಕಾಡಿಗೆ ಹೋಗಲು ನಿರ್ಬಂಧವಿರುವಾಗ ಅವರಿಗೆ ಬೇರೊಂದು ಆದಾಯ ಬೇಕು. ಅದೇ ರಾಜ್ಯದ ಚಿಲಿಕಾ ಸರೋವರದ ಮಂಗಳಾಜೋಡಿಯಲ್ಲಿ ಒಂದು ಕಾಲಕ್ಕೆ ಹಕ್ಕಿ ಬೇಟೆಯಾಡುತ್ತಿದ್ದವರೇ ಇಂದು ದೋಣಿ ನಡೆಸಿ ಹಕ್ಕಿ ತೋರಿಸುತ್ತಿರುವುದು ಇಂಥ ಆದಾಯದ ಬಲದಿಂದ.

ಉತ್ತರ (ನೀರುಗಾವಲು)

ಒಂದು ತಕರಾರು. ಪಿಟ್ಟಕ್ಕೆ ದೊಡ್ಡ ಕಂಟಕ ಪ್ರವಾಸಿಗರಲ್ಲ; ಕಾಂಡ್ಲಾ ಕಡಿದು ಮಾಡಿದ ಸಿಗಡಿ ಹೊಂಡಗಳು. ಅಲ್ಲಿ ಇವನ್ನು ಘೇರಿ ಎನ್ನುತ್ತಾರೆ. ಊಟಕ್ಕೆ ಸಿಗಡಿ ಬಂದರೆ, ನದಿಯದೋ ಘೇರಿಯದೋ ಎಂದು ವಿಚಾರಿಸಿ. ಇನ್ನು, ಚಿತ್ರ ಹಾಕುವಾಗ ತೊರೆಯ ಹೆಸರನ್ನೂ ಫೋನು ತಾನಾಗಿ ದಾಖಲಿಸುವ ಸ್ಥಳದ ಗುರುತನ್ನೂ ತೆಗೆದುಹಾಕಿ. “ಭಿತರಕನಿಕಾ” ಎಂದಷ್ಟೇ ಬರೆದರೆ ಸಾಕು. ಗೂಡಿನ ಚಿತ್ರವನ್ನಂತೂ ತೆಗೆಯುವುದೇ ಬೇಡ. ನೆಲದ ಮೇಲೋ ಬೇರುಗಳ ಸಂದಿಯಲ್ಲೋ ಇರುವ ಅದರ ಹತ್ತಿರಕ್ಕೆ ಮನುಷ್ಯರು ಹೋದ ಜಾಡು ಉಳಿದರೆ ಬೇಟೆಯಾಡುವ ಪ್ರಾಣಿಗಳಿಗೆ ದಾರಿ ತೋರಿಸಿದಂತಾಗುತ್ತದೆ.

ಪ್ರಶ್ನೆ ಕೇಳಿದವರು (ಕೆಸರುಹಾದಿ)

ಮೂವರಿಗೂ ಕೃತಜ್ಞತೆಗಳು. ಮಾರ್ಗದರ್ಶಕರಿಗೆ ಮತ್ತೆ ಫೋನು ಮಾಡಿ, ಹಕ್ಕಿ ಕಾಣಲಿ ಬಿಡಲಿ, ಎರಡು ದಿನದ ಪೂರ್ತಿ ಕೂಲಿ ಕೊಡುತ್ತೇವೆ, ರೆಕಾರ್ಡಿಂಗ್ ಮಾತ್ರ ಬೇಡ ಎಂದು ತಿಳಿಸಿದೆ. ಸ್ವಲ್ಪ ಹೊತ್ತು ಮೌನವಾಗಿದ್ದು, “ಹಾಗಾದರೆ ಮೊದಲ ದೋಣಿಗೇ ಹೊರಡೋಣ; ಎಲ್ಲಿ ಕುಳಿತು ಕಾಯಬೇಕೆಂದು ನನಗೆ ಗೊತ್ತು” ಎಂದರು.